ಹಳೇ ಕಾರುಗಳ ಸಣ್ಣ ಗ್ಯಾರೇಜಿಗೆ ಗಂಟೆಯ ಲೇಬರ್ ರೇಟ್ ಕಟ್ಟುವುದು ಹೇಗೆ? ಲೆಕ್ಕದ ಸಮೇತ ಪೂರ್ತಿ ವಿವರ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ, ವಿಲ್ಲೀಸ್ ಜೀಪು ರಿಪೇರಿ ಮಾಡುವ ಯಾವುದಾದರೂ ಸಣ್ಣ ಗ್ಯಾರೇಜಿಗೆ ಹೋಗಿ "ಗಂಟೆಗೆ ಲೇಬರ್ ಎಷ್ಟು?" ಅಂತ ಕೇಳಿ. ಬಹಳ ಕಡೆ "ಕೆಲಸ ನೋಡಿ ಹೇಳ್ತೀವಿ ಸಾರ್" ಅನ್ನುವ ಉತ್ತರವೇ ಸಿಗುತ್ತದೆ. ಅಂದರೆ ಗಂಟೆ ರೇಟ್ ಅಂತ ಒಂದು ಇಲ್ಲವೇ ಇಲ್ಲ. ಗಿರಾಕಿಯ ಮುಖ ನೋಡಿ, ಪಕ್ಕದ ರಸ್ತೆಯ ಮೆಕ್ಯಾನಿಕ್ ಎಷ್ಟು ತಗೊಳ್ಳುತ್ತಾನೆ ಅಂತ ಅಂದಾಜು ಹಾಕಿ, ಒಂದು ಮೊತ್ತ ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ.

ಹೊಸ ಕಾರಿನ ಕೆಲಸದಲ್ಲಿ ಇದು ಹೇಗೋ ನಡೆಯುತ್ತದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಅನ್ನುವುದು ಅಲ್ಲಿ ಹೆಚ್ಚು ಕಡಿಮೆ ಗೊತ್ತಿರುತ್ತದೆ. ಐವತ್ತು ವರ್ಷದ ಕಾರಿನಲ್ಲಿ ಹಾಗಲ್ಲ. ಒಂದು ಗಂಟೆಯಲ್ಲಿ ಮುಗಿಯಬೇಕಿದ್ದ ಬ್ರೇಕ್ ಕೆಲಸ, ತುಕ್ಕು ಹಿಡಿದ ಒಂದು ಬ್ಲೀಡರ್ ನಿಪ್ಪಲ್ (ಬ್ರೇಕ್ ಪೈಪಿನ ಗಾಳಿ ತೆಗೆಯುವ ಸಣ್ಣ ತಿರುಪು) ಮುರಿದ ಕಾರಣಕ್ಕೆ ಇಡೀ ದಿನ ಎಳೆಯುತ್ತದೆ, ಆ ಏಳು ಗಂಟೆಯ ಸಂಬಳ ಮಾತ್ರ ಮಾಲೀಕನ ಜೇಬಿನಿಂದಲೇ ಹೋಗುತ್ತದೆ.

ಇಲ್ಲಿ ಬರೆದಿರುವುದು ಎರಡರಿಂದ ಐದು ಜನ ಕೆಲಸ ಮಾಡುವ ಗ್ಯಾರೇಜಿಗೆ. ಅಂಕಿಗಳೆಲ್ಲ ಉದಾಹರಣೆಗೆ ಕೊಟ್ಟಿರುವವು, ಬೆಂಗಳೂರಿನ ಹೊರವಲಯದ ಒಂದು ಶೆಡ್ ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ನಿಮ್ಮ ಅಂಕಿ ನೀವೇ ಹಾಕಿಕೊಳ್ಳಿ.

1. ಕ್ಯಾಲ್ಕುಲೇಟರ್ ಆಮೇಲೆ, ಮೊದಲು ಒಂದು ನೋಟ್‌ಬುಕ್

ಕನಿಷ್ಠ ಒಂದು ತಿಂಗಳು ಪ್ರತಿಯೊಬ್ಬರ ಸಮಯ ಬರೆದಿಡಿ. ಕಾರಿನ ನಂಬರ್, ಕೆಲಸ, ಶುರು ಮಾಡಿದ ಹೊತ್ತು, ಬಿಟ್ಟ ಹೊತ್ತು, ಇಷ್ಟು ಸಾಕು. ಆ್ಯಪ್ ಏನೂ ಬೇಡ. ಗೋಡೆಗೆ ಒಂದು ಬಿಳಿ ಬೋರ್ಡ್ ಹಾಕಿ, ಸಂಜೆ ಅದರ ಫೋಟೋ ತೆಗೆದಿಟ್ಟುಕೊಂಡರೂ ಆಗುತ್ತದೆ.

ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಬಿಲ್, ಬಿಟ್ಟಿ, ರಿಪೀಟ್. ಬಿಲ್ ಅಂದರೆ ಗಿರಾಕಿ ದುಡ್ಡು ಕೊಡುವ ಕೆಲಸ. ರಿಪೀಟ್ ಅಂದರೆ ನಾವೇ ಮಾಡಿದ್ದು ಸರಿಹೋಗದೆ ವಾಪಸ್ ಬಂದದ್ದು. ಉಳಿದದ್ದೆಲ್ಲ ಬಿಟ್ಟಿ, ಹಳೇ ಕಾರಿನ ಗ್ಯಾರೇಜ್ ಮುಳುಗುವುದು ಅಲ್ಲೇ. ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ ಸಿಗದ ಪಾರ್ಟಿಗೆ ಚೆನ್ನೈನ ಪುದುಪೇಟೆಗೋ ದೆಹಲಿಯ ಕಾಶ್ಮೀರಿ ಗೇಟಿಗೋ ಫೋನ್ ಮಾಡಿದ್ದು ಬಿಟ್ಟಿ. ಹಿಂದೆ ಸಿಕ್ಕಿಕೊಂಡ ಕಾರು ಹೊರಗೆ ತೆಗೆಯಲು ಮುಂದಿನ ಎರಡು ಸತ್ತ ಕಾರುಗಳನ್ನು ನಾಲ್ಕು ಜನ ತಳ್ಳಿದ್ದು ಬಿಟ್ಟಿ. ಗಿರಾಕಿ ಬಂದು ತಾತನ ಕಾರಿನ ಕಥೆ ಮುಕ್ಕಾಲು ಗಂಟೆ ಹೇಳಿದ್ದು ಕೂಡ ಬಿಟ್ಟಿ. ಕಥೆ ಚೆನ್ನಾಗಿಯೇ ಇರುತ್ತದೆ, ಹೇಳಬೇಡಿ ಅನ್ನಲು ಆಗುವುದಿಲ್ಲ, ಅಷ್ಟು ಹೊತ್ತು ಸ್ಪ್ಯಾನರ್ ಮಾತ್ರ ತಿರುಗಿರುವುದಿಲ್ಲ.

ಇದಕ್ಕೆ ಮೊದಲು ಗೊಣಗುವವರು ಮೇಸ್ತ್ರಿಗಳೇ. ನನ್ನ ಮೇಲೆ ಕಣ್ಣಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. "ನಿಮ್ಮ ಕೆಲಸಕ್ಕೆ ಸರಿಯಾದ ಬೆಲೆ ಕೇಳಬೇಕು ಅಂದ್ರೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನನಗೆ ಗೊತ್ತಿರಬೇಕು" ಅಂತ ಮೊದಲ ದಿನವೇ ಬಿಡಿಸಿ ಹೇಳಿ. ಈ ನೋಟ್‌ಬುಕ್ ಹಿಡಿದು ಯಾರನ್ನೂ ಬೈಯಬೇಡಿ. ಒಂದೇ ಸಲ ಬೈದರೂ ಸಾಕು, ಮರುದಿನದಿಂದ ಎಲ್ಲ ಸುಳ್ಳು ಲೆಕ್ಕವೇ.

2. ವರ್ಷದ ಖರ್ಚು ಕೂಡಿಸಿ, ನಿಮ್ಮ ಸಂಬಳ ಸೇರಿಸಿ

ಉದಾಹರಣೆಯ ಗ್ಯಾರೇಜಿನಲ್ಲಿ ಮಾಲೀಕ, ಒಬ್ಬ ಹಿರಿಯ ಮೇಸ್ತ್ರಿ, ಒಬ್ಬ ಎರಡನೇ ಮೆಕ್ಯಾನಿಕ್, ಒಬ್ಬ ಹೆಲ್ಪರ್ ಇದ್ದಾರೆ ಅಂತಿಟ್ಟುಕೊಳ್ಳಿ. ಮೇಸ್ತ್ರಿಗೆ ತಿಂಗಳಿಗೆ 36,000, ಮೆಕ್ಯಾನಿಕ್‌ಗೆ 25,000, ಹೆಲ್ಪರ್‌ಗೆ 18,000. ಒಟ್ಟು 79,000. ದಸರಾ ಅಥವಾ ದೀಪಾವಳಿಗೆ ಒಂದು ತಿಂಗಳ ಬೋನಸ್ ಇದ್ದೇ ಇರುತ್ತದಲ್ಲ, ಹಾಗಾಗಿ ಹನ್ನೆರಡರ ಬದಲು 13ರಿಂದ ಗುಣಿಸಿ: 10,27,000. ಹತ್ತು ಜನ ಆದರೆ ಇಎಸ್‌ಐ, ಗ್ರಾಚ್ಯುಟಿ, ಇಪ್ಪತ್ತಾದರೆ ಪಿಎಫ್ ಕೂಡ ಬರುತ್ತದೆ. ನಮ್ಮ ಉದಾಹರಣೆಗೆ ಅವು ಬೇಡ.

ಈಗ ಮಾಲೀಕನ ಸಂಬಳ. ಇದನ್ನು ಬರೆಯದವರೇ ಜಾಸ್ತಿ. "ಉಳಿದದ್ದೆಲ್ಲ ನಂದೇ ಅಲ್ವಾ?" ಅನ್ನುತ್ತಾರೆ. ಉಳಿಯದ ತಿಂಗಳು ಏನು ಮಾಡುತ್ತೀರಿ? ನಾಳೆ ನಿಮಗೆ ಬೆನ್ನು ನೋವು ಬಂದು ಆರು ತಿಂಗಳು ಮಲಗಿದರೆ, ನಿಮ್ಮ ಜಾಗಕ್ಕೆ ಬೇರೆಯವರನ್ನು ಇಡಲು ಎಷ್ಟು ಕೊಡಬೇಕಾಗುತ್ತದೋ ಅದೇ ನಿಮ್ಮ ಸಂಬಳ. ಇಲ್ಲಿ 50,000 ಅಂತ ಹಿಡಿಯೋಣ, ವರ್ಷಕ್ಕೆ 6,00,000. ಜನರ ಖರ್ಚು ಒಟ್ಟು 16,27,000 ಆಯಿತು.

ಇನ್ನು ಮೇಲು ಖರ್ಚು. ಶೆಡ್ ಬಾಡಿಗೆ 40,000. ಕರೆಂಟ್ 8,000, ಕಂಪ್ರೆಸರ್ ಮತ್ತು ವೆಲ್ಡಿಂಗ್ ಸೆಟ್ ಇರುವ ಕಡೆ ಇದು ಕಡಿಮೆಯಾಗುವುದಿಲ್ಲ. ಫೋನ್, ಇಂಟರ್ನೆಟ್, ಲೆಕ್ಕಪತ್ರದವರ ಫೀಸು 6,000. ವೇಸ್ಟ್ ಬಟ್ಟೆ, ಸೀಮೆಎಣ್ಣೆ, ಎಮರಿ ಪೇಪರ್, ಗ್ಯಾಸ್, ಗ್ರೀಸು 9,000. ಟೂಲ್ಸ್ ಸವಕಳಿ 10,000. ಇನ್ಶೂರೆನ್ಸ್ 3,000. ನೀರು, ಚಹಾ, ಕ್ಲೀನಿಂಗ್ 6,000. ಪಾರ್ಟ್ಸ್ ತರುವ ಓಡಾಟ 8,000. ತಿಂಗಳಿಗೆ 90,000, ವರ್ಷಕ್ಕೆ 10,80,000. ಲಿಫ್ಟ್ ಸಾಲದ ಬಡ್ಡಿ ವರ್ಷಕ್ಕೆ 60,000, ರಿಪೀಟ್ ಕೆಲಸಕ್ಕೆ ಅಂತ ಎತ್ತಿಟ್ಟ ಸಾಮಾನಿನ ದುಡ್ಡು 60,000 ಸೇರಿಸಿದರೆ ಸರಿಯಾಗಿ 12,00,000.

ಟೂಲ್ಸ್‌ಗೆ ತಿಂಗಳಿಗೆ ಹತ್ತು ಸಾವಿರವಾ ಅಂತ ಕೇಳಬಹುದು. ಯುದ್ಧಕ್ಕೂ ಮುಂಚಿನ ಬ್ರಿಟಿಷ್ ಕಾರಿಗೆ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ಸ್ಪ್ಯಾನರ್ ಬೇಕು, ಅಂಬಾಸಿಡರ್‌ಗೂ ಜೀಪಿಗೂ ಇಂಚಿನ ಎಎಫ್ ಸೆಟ್ ಬೇಕು, ಪದ್ಮಿನಿಗೆ ಮಿಲಿಮೀಟರ್ ಸೆಟ್ ಬೇಕು. ಹೊಸ ಕಾರಿನ ಗ್ಯಾರೇಜಿನಲ್ಲಿ ಒಂದೇ ಸೆಟ್ ಸ್ಪ್ಯಾನರ್ ಸಾಕಾಗುವ ಕಡೆ ನಿಮಗೆ ಮೂರು. ಅದರ ಮೇಲೆ ಪುಲ್ಲರ್, ಟ್ಯಾಪ್ ಮತ್ತು ಡೈ, ಮುರಿದ ಸ್ಟಡ್ ತೆಗೆಯುವ ಬಿಟ್ಟುಗಳು, ಕಾರ್ಬುರೇಟರ್ ಬ್ಯಾಲೆನ್ಸ್ ಮಾಡುವ ಗೇಜು. ಕೆಲವನ್ನು ನೀವೇ ಲೇತ್‌ನಲ್ಲಿ ಮಾಡಿಸಿಕೊಳ್ಳಬೇಕು, ಅಂಗಡಿಯಲ್ಲಿ ಸಿಗುವುದೇ ಇಲ್ಲ.

ಸ್ವಂತ ಜಾಗವಿದ್ದರೂ ಬಾಡಿಗೆ ಬರೆಯಿರಿ. ಆ ಶೆಡ್ ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ದುಡ್ಡು ಅದು. ಅಪ್ಪ ಬಿಟ್ಟುಹೋದ ಜಾಗ ಅಂತ ಗಿರಾಕಿಗೆ ಸುಮ್ನೆ ಡಿಸ್ಕೌಂಟ್ ಕೊಡಲು ಯಾವ ಕಾರಣವೂ ಇಲ್ಲ.

ಎರಡೂ ಸೇರಿ ವರ್ಷದ ಖರ್ಚು 28,27,000 ರೂಪಾಯಿ.

3. ಮಾರಾಟವಾಗುವ ಗಂಟೆಗಳು

ಇಡೀ ಲೆಕ್ಕದ ಜೀವ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ವರ್ಷದ 365 ದಿನದಲ್ಲಿ ಭಾನುವಾರ 52 ಕಳೆಯಿರಿ. ಸಂಕ್ರಾಂತಿ, ಯುಗಾದಿ, ಗಣೇಶ ಹಬ್ಬ, ಆಯುಧಪೂಜೆ, ದೀಪಾವಳಿ, ರಂಜಾನ್, ರಾಜ್ಯೋತ್ಸವ ಎಲ್ಲ ಸೇರಿ 12 ರಜೆ. ಊರಿನ ಜಾತ್ರೆ, ಮದುವೆ, ಜ್ವರ ಅಂತ ಒಬ್ಬೊಬ್ಬರದು 14 ದಿನ. ಉಳಿದದ್ದು 287 ದಿನ. ಊಟ, ಚಹಾ ಬಿಟ್ಟು ದಿನಕ್ಕೆ 8 ಗಂಟೆ ಅಂದರೆ ಒಬ್ಬರಿಗೆ ವರ್ಷಕ್ಕೆ 2,296 ಗಂಟೆ.

ಇದು ನೀವು ಸಂಬಳ ಕೊಡುವ ಗಂಟೆ. ಗಿರಾಕಿ ದುಡ್ಡು ಕೊಡುವ ಗಂಟೆ ಎಷ್ಟು? ನೋಟ್‌ಬುಕ್ ತೆರೆಯಿರಿ. ಮೇಸ್ತ್ರಿಯ ಸಮಯದಲ್ಲಿ ನೂರಕ್ಕೆ 65 ಬಿಲ್ ಆಗಿದೆ ಅಂತಿಟ್ಟುಕೊಂಡರೆ 1,492 ಗಂಟೆ. ಎರಡನೇ ಮೆಕ್ಯಾನಿಕ್ ನೂರಕ್ಕೆ 55, ಅಂದರೆ 1,263 ಗಂಟೆ. ಮಾಲೀಕನಿಗೆ ಫೋನ್, ಗಿರಾಕಿ, ಪಾರ್ಟ್ಸ್, ಬ್ಯಾಂಕು ಎಲ್ಲ ಇರುವುದರಿಂದ ನೂರಕ್ಕೆ 20, ಅಂದರೆ 459 ಗಂಟೆ. ಹೆಲ್ಪರ್‌ನ ಸಮಯ ಬೇರೆಯಾಗಿ ಬಿಲ್ ಮಾಡಬೇಡಿ, ಅವನ ಖರ್ಚು ಉಳಿದವರ ರೇಟಿನಲ್ಲೇ ಬಂದಿರುತ್ತದೆ. ಒಟ್ಟು 3,214. ಲೆಕ್ಕಕ್ಕೆ ಸುಲಭವಾಗಲಿ ಅಂತ 3,200 ಇಟ್ಟುಕೊಳ್ಳೋಣ.

ನಾಲ್ಕು ಜನರ ಹಾಜರಿ ಕೂಡಿಸಿದರೆ 9,184 ಗಂಟೆ, ಮಾರಾಟವಾದದ್ದು 3,200. ನೋಡಿದವರಿಗೆ ಗಾಬರಿಯಾಗುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಹಳೇ ಕಾರಿನ ಕೆಲಸ ಇರುವುದೇ ಹಾಗೆ. ಖರ್ಚನ್ನು 9,184ರಿಂದ ಭಾಗಿಸಿ "ಗಂಟೆಗೆ ನಮಗೆ ಬೀಳುವುದು ಮುನ್ನೂರು ಚಿಲ್ಲರೆ, ಐನೂರು ತಗೊಂಡ್ರೆ ಲಾಭ" ಅಂತ ಅಂದುಕೊಳ್ಳುವ ಗ್ಯಾರೇಜ್ ದಿನವಿಡೀ ತುಂಬಿರುತ್ತದೆ, ತಿಂಗಳ ಕೊನೆಗೆ ಸಂಬಳಕ್ಕೆ ಸಾಲ ಮಾಡುತ್ತದೆ.

ಇಲ್ಲಿ ಧಾರಾಳವಾಗಬೇಡಿ. "ನಮ್ಮ ಮೇಸ್ತ್ರಿ ನೂರಕ್ಕೆ ತೊಂಬತ್ತು ಕೆಲಸ ಮಾಡ್ತಾರೆ" ಅಂತ ಅನ್ನಿಸುವುದು ಸಹಜ, ಅವರು ಬೆಳಗ್ಗೆಯಿಂದ ಸಂಜೆವರೆಗೆ ಕಾರಿನ ಕೆಳಗೇ ಇರುತ್ತಾರೆ. ಆದರೆ ಅದರಲ್ಲಿ ಎಷ್ಟು ಹೊತ್ತು ಬಿಲ್ಲಿನಲ್ಲಿ ಬಂತು ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ನೋಟ್‌ಬುಕ್ ಬಿಟ್ಟು ಬೇರೆ ಉತ್ತರ ಇಲ್ಲ.

4. ಭಾಗಿಸಿ, ಲಾಭ ಸೇರಿಸಿ

28,27,000 ಭಾಗಿಸು 3,200. ಗಂಟೆಗೆ 883 ರೂಪಾಯಿ ಬರುತ್ತದೆ, 885 ಅನ್ನೋಣ. ಇದಕ್ಕಿಂತ ಕಡಿಮೆ ಕೇಳಿದ ಪ್ರತಿ ಗಂಟೆಗೂ ನೀವೇ ಕೈಯಿಂದ ಹಾಕುತ್ತಿದ್ದೀರಿ.

ಸಂಬಳ ಬೇರೆ, ಲಾಭ ಬೇರೆ. ಲಾಭದ ದುಡ್ಡಿನಿಂದಲೇ ಮುಂದಿನ ಲಿಫ್ಟ್ ಬರಬೇಕು, ಮಳೆಗಾಲದ ಕೆಲಸ ಇಲ್ಲದ ವಾರಗಳು ದಾಟಬೇಕು. ಬಿಲ್ಲಿನಲ್ಲಿ ನೂರಕ್ಕೆ 15 ಲಾಭ ಉಳಿಯಬೇಕು ಅಂದರೆ 885ಕ್ಕೆ ನೂರಕ್ಕೆ 15 ಕೂಡಿಸಬೇಡಿ, 0.85ರಿಂದ ಭಾಗಿಸಿ. ಕೂಡಿಸಿದರೆ 1,018 ಬರುತ್ತದೆ, ಭಾಗಿಸಿದರೆ 1,041. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, 3,200 ಗಂಟೆಗೆ ಅದು ಎಪ್ಪತ್ತು ಸಾವಿರ ದಾಟುತ್ತದೆ. 1,041 ಅಂತ ಬೋರ್ಡಿನಲ್ಲಿ ಬರೆಯಲು ಚೆನ್ನಾಗಿರುವುದಿಲ್ಲ, 1,050 ಮಾಡಿ.

ಮಾರಾಟವಾಗುವ ಗಂಟೆ 3,200ರಿಂದ 2,400ಕ್ಕೆ ಇಳಿದರೆ ಖರ್ಚೇ ಗಂಟೆಗೆ 1,178 ಆಗುತ್ತದೆ, ಲಾಭ ಸೇರಿದರೆ 1,386. ಒಂದು ರೂಪಾಯಿ ಸಂಬಳ ಏರಿಸದೆ, ಬಾಡಿಗೆ ಏರದೆ. ಬಾಡಿಗೆಯಲ್ಲಿ ಐನೂರು ಚೌಕಾಸಿ ಮಾಡುವುದಕ್ಕಿಂತ ಗ್ಯಾರೇಜಿನ ಬಿಟ್ಟಿ ಗಂಟೆ ಕಡಿಮೆ ಮಾಡುವುದರಲ್ಲಿ ದುಡ್ಡು ಜಾಸ್ತಿ ಇದೆ.

5. ಮಾರುಕಟ್ಟೆ ನೋಡಿ, ಆದರೆ ಸರಿಯಾದ ಕಡೆ ನೋಡಿ

ಸಾವಿರದ ಐವತ್ತು ಅಂದ ಕೂಡಲೇ "ನಮ್ಮ ಏರಿಯಾದಲ್ಲಿ ಯಾರು ಕೊಡ್ತಾರೆ?" ಅನ್ನುವ ಮಾತು ಬರುತ್ತದೆ. ಹೋಲಿಸುವುದಾದರೆ ಮೂರು ಕಡೆಯ ಹಳೆಯ ಬಿಲ್ ಸಂಪಾದಿಸಿ: ಹೊಸ ಕಾರಿನ ಅಧಿಕೃತ ಸರ್ವೀಸ್ ಸೆಂಟರ್, ದುಬಾರಿ ಜರ್ಮನ್ ಕಾರು ಮಾಡುವ ಖಾಸಗಿ ವರ್ಕ್‌ಶಾಪ್, ಬೀದಿ ಬದಿಯ ಮೆಕ್ಯಾನಿಕ್. ಲೇಬರ್ ಮೊತ್ತವನ್ನು ಕೆಲಸಕ್ಕೆ ಹಿಡಿದ ಗಂಟೆಯಿಂದ ಭಾಗಿಸಿ ನೋಡಿ. ಬೀದಿ ಬದಿಯವನು ಕಡಿಮೆ ಇರುತ್ತಾನೆ, ಸರಿ. ಅವನಿಗೆ ಶೆಡ್ ಬಾಡಿಗೆ ಇಲ್ಲ, ಹಾಗೆಯೇ ನಿಮ್ಮ ಗಿರಾಕಿಯ ಹೆರಾಲ್ಡ್ ಮಳೆಯಲ್ಲಿ ನೆನೆಯದಂತೆ ನಾಲ್ಕು ತಿಂಗಳು ಇಟ್ಟುಕೊಳ್ಳಲು ಜಾಗವೂ ಇಲ್ಲ.

ಎಸ್‌ಯು ಕಾರ್ಬುರೇಟರ್ ಕಿವಿಯಲ್ಲೇ ಕೇಳಿ ಸರಿ ಮಾಡುವ, ಪಾಯಿಂಟ್ ಗ್ಯಾಪ್ ಮತ್ತು ಟೈಮಿಂಗ್ ಕೈಯಲ್ಲೇ ಕೂರಿಸುವ ಮೇಸ್ತ್ರಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಪದ್ಮಿನಿ 2000ದ ಸುಮಾರಿಗೆ ನಿಂತಿತು, ಅಂಬಾಸಿಡರ್ 2014ರಲ್ಲಿ. ಈಗ ಕೆಲಸ ಕಲಿಯುವ ಹುಡುಗರಿಗೆ ಕಾರ್ಬುರೇಟರ್ ನೋಡಿಯೇ ಗೊತ್ತಿರುವುದಿಲ್ಲ. ರೇಟ್ ಕಡಿಮೆ ಇಟ್ಟ ಗ್ಯಾರೇಜಿನಿಂದ ಮೊದಲು ಹೊರಡುವುದು ಒಳ್ಳೆಯ ಮೇಸ್ತ್ರಿಯೇ. ಅವರು ಹೋದ ಮೇಲೆ ಯಾವ ರೇಟ್ ಇಟ್ಟರೂ ಒಂದೇ.

6. ಒಂದೇ ರೇಟಾ, ಎರಡಾ?

ನನ್ನ ಅಭಿಪ್ರಾಯ: ಸಣ್ಣ ಗ್ಯಾರೇಜಿಗೆ ಎರಡು ಸಾಕು. ಸರ್ವೀಸ್, ರಿಪೇರಿ, ಎಂಜಿನ್, ಬ್ರೇಕ್, ಎಲೆಕ್ಟ್ರಿಕಲ್ ಎಲ್ಲಕ್ಕೂ ಮಾಮೂಲಿ ರೇಟ್ 1,050. ತಿಂಗಳುಗಟ್ಟಲೆ ನಡೆಯುವ ಪೂರ್ತಿ ರೆಸ್ಟೋರೇಶನ್‌ಗೆ ಸ್ವಲ್ಪ ಕಡಿಮೆ, 950 ತನಕ ಇಳಿಯಬಹುದು. ಕಾರಣ ಸರಳ. ಆ ಕಾರಿನ ಕೆಲಸ ಯಾವಾಗಲೂ ಕೈಯಲ್ಲಿರುತ್ತದೆ, ಬೇರೆ ಕೆಲಸ ಇಲ್ಲದ ಮಧ್ಯಾಹ್ನ ಹುಡುಗರನ್ನು ಅದಕ್ಕೆ ಹಾಕಬಹುದು, ಅಂದರೆ ನಿಮ್ಮ ಬಿಟ್ಟಿ ಗಂಟೆ ಇಳಿಯುತ್ತದೆ. ಆದರೆ 885ರ ಕೆಳಗೆ ಹೋಗಬೇಡಿ, ಎಷ್ಟೇ ಚಂದದ ಕಾರಾಗಿರಲಿ.

ಟಿಂಕರಿಂಗ್, ಪೇಂಟ್, ಬೋರಿಂಗ್, ಲೇತ್ ಕೆಲಸ, ಹಳೇ ಎಂಜಿನ್ನಿನ ವೈಟ್ ಮೆಟಲ್ ಬೇರಿಂಗ್ ಇವೆಲ್ಲ ಹೊರಗೆ ಕೊಡುವವರೇ ಜಾಸ್ತಿ. ಅವರ ಬಿಲ್ ಮೇಲೆ ನೂರಕ್ಕೆ 10ರಿಂದ 15 ಹಾಕಿಕೊಳ್ಳಿ. ಒಯ್ಯುವುದು, ತರುವುದು, ಅಳತೆ ತಪ್ಪಿದರೆ ಜಗಳ ಮಾಡುವುದು ಎಲ್ಲ ನಿಮ್ಮ ತಲೆಗೇ ಬರುತ್ತದಲ್ಲ.

ತೊಂದರೆ ಹುಡುಕುವ ಕೆಲಸಕ್ಕೆ ಕನಿಷ್ಠ ಎರಡು ಗಂಟೆ ಚಾರ್ಜ್ ಇಡಿ, 2,100. "ಬರೀ ನೋಡಿದ್ದಕ್ಕೂ ದುಡ್ಡಾ?" ಅನ್ನುತ್ತಾರೆ. ಹಳೇ ಲೂಕಾಸ್ ಕಂಪನಿಯ ವೈರಿಂಗಿನಲ್ಲಿ ಎಲ್ಲೋ ಒಂದು ಅರ್ತ್ ಸಡಿಲವಾಗಿ ಹಾರ್ನ್ ಒತ್ತಿದರೆ ಇಂಡಿಕೇಟರ್ ಉರಿಯುವ ಕಾರಿನಲ್ಲಿ, ಹುಡುಕುವುದೇ ಕೆಲಸ. ಸಿಕ್ಕ ಮೇಲೆ ಬಿಗಿ ಮಾಡಲು ಐದು ನಿಮಿಷ.

7. ಎಸ್ಟಿಮೇಟ್: ಮೂರು ಅಂಕಿ ಕೊಡಿ, ಮಿತಿ ಬರೆಸಿಕೊಳ್ಳಿ

ರೇಟ್ ಎಷ್ಟು ಸರಿಯಾಗಿದ್ದರೂ ಗಂಟೆಯ ಅಂದಾಜು ತಪ್ಪಿದರೆ ಎಲ್ಲ ಹೋಯಿತು. ಕಂಪನಿಯ ಹಳೇ ಪುಸ್ತಕಗಳಲ್ಲಿ ಕೆಲಸದ ಸಮಯ ಕೊಟ್ಟಿರುತ್ತಾರೆ, ಆದರೆ ಅದು ಹೊಸ ಕಾರಿಗೆ, ತುಕ್ಕು ಹಿಡಿಯದ ಬೋಲ್ಟಿಗೆ. ಅದನ್ನು ನಂಬಿ ಬೆಲೆ ಹೇಳಬೇಡಿ.

ಪ್ರತಿ ದೊಡ್ಡ ಕೆಲಸಕ್ಕೂ ಮೂರು ಅಂದಾಜು ಬರೆಯಿರಿ. ಅಂಬಾಸಿಡರ್‌ನ ನಾಲ್ಕೂ ಚಕ್ರದ ಡ್ರಮ್ ಬ್ರೇಕ್ ಬಿಚ್ಚಿ ವೀಲ್ ಸಿಲಿಂಡರ್ ಬದಲಿಸುವ ಕೆಲಸ ತಗೊಳ್ಳಿ. ಎಲ್ಲ ಸಲೀಸಾಗಿ ಬಿಚ್ಚಿಕೊಂಡರೆ 6 ಗಂಟೆ, 6,300 ರೂಪಾಯಿ. ಸಾಧಾರಣವಾಗಿ 9 ಗಂಟೆ, 9,450. ಡ್ರಮ್ ಕಚ್ಚಿಕೊಂಡಿದ್ದು, ನಿಪ್ಪಲ್ ಮುರಿದು, ಬ್ರೇಕ್ ಪೈಪಿನ ನಟ್ಟು ಪೈಪನ್ನೇ ತಿರುಚಿಕೊಂಡು ಬಂದರೆ 14 ಗಂಟೆ, 14,700. ಗಿರಾಕಿಗೆ ಮೂರನ್ನೂ ತೋರಿಸಿ. "ಎರಡನೆಯದು ಆಗುವ ಸಾಧ್ಯತೆ ಜಾಸ್ತಿ, ಮೂರನೆಯದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ" ಅನ್ನಿ. ಒಂದೇ ಅಂಕಿ ಹೇಳಿದರೆ ಅವರ ತಲೆಯಲ್ಲಿ ಅದೇ ಕೂರುತ್ತದೆ, ಆಮೇಲೆ ಒಂದು ರೂಪಾಯಿ ಜಾಸ್ತಿಯಾದರೂ ನೀವು ಮೋಸಗಾರ.

ಜೊತೆಗೆ ಒಂದು ಮಿತಿ ಬರೆಸಿಕೊಳ್ಳಿ. "ಲೇಬರ್ ಹತ್ತು ಸಾವಿರ ದಾಟುವ ಮುಂಚೆ ಫೋನ್ ಮಾಡುತ್ತೇವೆ" ಅಂತ ಜಾಬ್ ಕಾರ್ಡಿನಲ್ಲಿ ಒಂದು ಸಾಲು, ಕೆಳಗೆ ಸಹಿ. ಮಿತಿ ಹತ್ತಿರ ಬಂದಾಗ ಕೆಲಸ ನಿಲ್ಲಿಸಿ, ಮುರಿದ ಸ್ಟಡ್ಡಿನ ಫೋಟೋ ವಾಟ್ಸ್ಆ್ಯಪ್ ಮಾಡಿ, ಇನ್ನೆಷ್ಟು ಗಂಟೆ ಅಂತ ಹೇಳಿ, "ಸರಿ ಮಾಡಿ" ಅಂತ ಬರಹದಲ್ಲಿ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ. ಬಾಯಿ ಮಾತು ಬೇಡ. ಫೋನಿನಲ್ಲಿ "ಮಾಡ್ರಪ್ಪಾ ಮಾಡಿ" ಅಂದವರು ಬಿಲ್ ನೋಡಿದ ಮೇಲೆ ಬೇರೆಯೇ ಮನುಷ್ಯರಾಗುತ್ತಾರೆ.

ಪೂರ್ತಿ ರೆಸ್ಟೋರೇಶನ್‌ಗೆ ಮಾತ್ರ ಒಟ್ಟು ಮೊತ್ತ ಹೇಳಲೇಬೇಡಿ. ಮೊದಲ ಹಂತ ಅಂತ ಬಿಚ್ಚಿ ನೋಡುವ ಕೆಲಸ ಮಾತ್ರ ಒಪ್ಪಿಕೊಳ್ಳಿ, ಅದಕ್ಕೆ 20 ಅಥವಾ 30 ಗಂಟೆ ಬಿಲ್ ಮಾಡಿ. ಫ್ಲೋರ್ ಎಷ್ಟು ತಿಂದಿದೆ, ಎಂಜಿನ್ ಒಳಗೆ ಏನಿದೆ ಅಂತ ಕಂಡ ಮೇಲೆ ಮುಂದಿನ ಹಂತದ ಲೆಕ್ಕ. ಪ್ರತಿ ಹಂತಕ್ಕೂ ಮುಂಗಡ, ಮತ್ತು ಹದಿನೈದು ದಿನಕ್ಕೊಮ್ಮೆ ಗಂಟೆಯ ಪಟ್ಟಿ ಸಮೇತ ಬಿಲ್. ಮುಂಗಡ ಮುಗಿದ ದಿನ ಕೆಲಸ ನಿಲ್ಲಬೇಕು. ಇದರಲ್ಲಿ ಮುಲಾಜು ನೋಡಿದರೆ ಗಿರಾಕಿಯ ಕಾರಿಗೆ ನೀವು ಸಾಲ ಕೊಟ್ಟಂತೆ.

8. ಪಾರ್ಟ್ಸ್ ಹುಡುಕುವ ಹೊತ್ತು

ಪಾರ್ಟ್ಸ್ ಮೇಲೆ ಸ್ವಲ್ಪ ಮಾರ್ಜಿನ್ ಎಲ್ಲರೂ ಇಡುತ್ತಾರೆ, ನೀವೂ ಇಡಿ. ಆದರೆ ಹಳೇ ಕಾರಿನಲ್ಲಿ ಮುನ್ನೂರು ರೂಪಾಯಿಯ ರಬ್ಬರ್ ಸೀಲಿಗೆ ಮೂರು ಗಂಟೆ ಫೋನ್ ಮಾಡಿದ್ದಿರುತ್ತದೆ. ಅದನ್ನು ಮಾರ್ಜಿನ್‌ನಲ್ಲಿ ತುಂಬಲು ಹೋದರೆ ಸೀಲಿನ ಬೆಲೆ ಮೂರು ಸಾವಿರ ಅಂತ ಬರೆಯಬೇಕಾಗುತ್ತದೆ, ಗಿರಾಕಿ ಆನ್‌ಲೈನ್‌ನಲ್ಲಿ ಬೆಲೆ ನೋಡಿ ಕಳ್ಳ ಅನ್ನುತ್ತಾನೆ. ಅದರ ಬದಲು "ಪಾರ್ಟ್ಸ್ ಹುಡುಕಾಟ, 2 ಗಂಟೆ" ಅಂತ ಬಿಲ್ಲಿನಲ್ಲಿ ನೇರವಾಗಿ ಬರೆಯಿರಿ. ಮೊದಲೇ ಹೇಳಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಿರಾಕಿ ತಾನೇ ಪಾರ್ಟ್ ತಂದರೆ ತಗೊಳ್ಳಿ, ಆದರೆ ಆ ಪಾರ್ಟಿಗೆ ಗ್ಯಾರಂಟಿ ಇಲ್ಲ, ಕೂರದಿದ್ದರೆ ಕೂರಿಸಲು ನೋಡಿದ ಹೊತ್ತಿಗೂ ಲೇಬರ್ ಉಂಟು ಅಂತ ಬರೆದುಕೊಡಿ. ಅಂಬಾಸಿಡರ್ ಮಾರ್ಕ್ 3ರದ್ದು ಅಂತ ಮಾರಿದ ಬಿಡಿಭಾಗ ಮಾರ್ಕ್ 4ರದ್ದಾಗಿರುವುದು ಹೊಸ ಸಂಗತಿಯೇನಲ್ಲ.

ಆರ್‌ಟಿಒ ಓಡಾಟವೂ ಹೀಗೇ. ಐವತ್ತು ವರ್ಷ ದಾಟಿದ ಕಾರಿಗೆ 2021ರ ನಿಯಮದಡಿ ವಿಎ ಸರಣಿಯ ವಿಂಟೇಜ್ ನೋಂದಣಿ ಮಾಡಿಸಬಹುದು, ಹೊಸದಕ್ಕೆ ಫೀಸು 20,000. ಗಿರಾಕಿ ಆ ಪೇಪರ್ ಕೆಲಸ ನಿಮಗೆ ಹಚ್ಚಿದರೆ ಫೀಸಿನ ಜೊತೆ ನಿಮ್ಮ ಹೊತ್ತೂ ಬಿಲ್ಲಿಗೆ ಬರಬೇಕು.

9. ಜಿಎಸ್‌ಟಿ

ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನಮ್ಮ ಉದಾಹರಣೆಯಲ್ಲಿ ಲೇಬರ್ ಒಂದೇ 33,60,000 ಇದೆ, ಹಾಗಾಗಿ ಬೇಕೇ ಬೇಕು. ರಿಪೇರಿ ಲೇಬರ್ ಮೇಲೆ ನೂರಕ್ಕೆ 18. ಬಿಡಿಭಾಗದ ಮೇಲೂ 2025ರ ಸೆಪ್ಟೆಂಬರ್ 22ರಿಂದ 18, ಮುಂಚೆ ಬಹುತೇಕ ಭಾಗಗಳಿಗೆ 28 ಇತ್ತು. ಗಿರಾಕಿಗೆ 1,050 ಬೀಳುವುದು 1,239 ಆಗಿ. ರೇಟ್ ಹೇಳುವಾಗಲೇ "ಜೊತೆಗೆ ಜಿಎಸ್‌ಟಿ" ಅನ್ನಿ, ಇಲ್ಲದಿದ್ದರೆ ಆ 189 ನಿಮ್ಮ ತಲೆಗೆ.

ಪಾರ್ಟ್ಸ್ ಸೇರಿ ವಹಿವಾಟು 50 ಲಕ್ಷದ ಒಳಗಿದ್ದರೆ ಕಾಂಪೋಸಿಷನ್ ಅನ್ನುವ ದಾರಿಯೂ ಇದೆ. ಒಟ್ಟು ವಹಿವಾಟಿನ ಮೇಲೆ ನೂರಕ್ಕೆ 6 ಕಟ್ಟಿದರೆ ಮುಗಿಯಿತು, ಆದರೆ ಅದನ್ನು ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವ ಹಾಗಿಲ್ಲ, ರೇಟಿನ ಒಳಗೇ ಸೇರಿಸಬೇಕು. 1,050 ಕೈಗೆ ಉಳಿಯಬೇಕು ಅಂದರೆ 0.94ರಿಂದ ಭಾಗಿಸಿ 1,117. ನಿಮ್ಮ ಗಿರಾಕಿಗಳು ಬಹುತೇಕ ಮನೆಯ ಕಾರಿನವರು, ಅವರಿಗೆ ತೆರಿಗೆ ವಾಪಸ್ ಬರುವುದಿಲ್ಲ, ಹಾಗಾಗಿ 1,239ಕ್ಕಿಂತ 1,117 ಅವರಿಗೆ ಹಗುರ. ಆದರೆ ನೀವು ಪಾರ್ಟ್ಸ್ ಕೊಳ್ಳುವಾಗ ಕಟ್ಟಿದ ತೆರಿಗೆಯೂ ಆಗ ನಿಮಗೆ ವಾಪಸ್ ಸಿಗುವುದಿಲ್ಲ. ಪಾರ್ಟ್ಸ್ ವ್ಯಾಪಾರ ಜಾಸ್ತಿ ಇದ್ದವರು ಆಡಿಟರ್ ಹತ್ತಿರ ಎರಡೂ ಲೆಕ್ಕ ಹಾಕಿಸಿ.

10. ಜಾಗಕ್ಕೂ ಬೆಲೆ ಇದೆ

ಶೆಡ್ಡಿನಲ್ಲಿ ಐದು ಕಾರು ನಿಲ್ಲುತ್ತವೆ ಅಂದರೆ ಬರೀ ಬಾಡಿಗೆಯ ಲೆಕ್ಕದಲ್ಲಿ ಒಂದು ಜಾಗಕ್ಕೆ ತಿಂಗಳಿಗೆ 8,000, ದಿನಕ್ಕೆ ಸುಮಾರು 270. ಇದು ತೀರಾ ಕಡಿಮೆ ಲೆಕ್ಕ. ವರ್ಷದ 33,60,000 ಈ ಐದು ಜಾಗದಿಂದ ಬರಬೇಕಲ್ಲ, ಅಂದರೆ ಒಂದೊಂದು ಜಾಗ ತಿಂಗಳಿಗೆ 56,000 ದುಡಿಯಬೇಕು. ಹೊರಗೆ ಕಾರುಗಳು ಕಾಯುತ್ತಿರುವಾಗ ದುಡ್ಡು ಕೊಡದ ಗಿರಾಕಿಯ ಪದ್ಮಿನಿ ಮೂರು ತಿಂಗಳು ಒಳಗೆ ನಿಂತರೆ ಹೋದದ್ದು 1,68,000ದ ಕೆಲಸ.

ಜಾಬ್ ಕಾರ್ಡಿನಲ್ಲೇ ಬರೆಯಿರಿ: ಕೆಲಸ ಮುಗಿದ ಸುದ್ದಿ ಕೊಟ್ಟು ಏಳು ದಿನದ ನಂತರ ದಿನಕ್ಕೆ 300 ರೂಪಾಯಿ. ಅಮಾವಾಸ್ಯೆ ದಿನ ಗಾಡಿ ತಗೊಂಡು ಹೋಗಲ್ಲ ಅನ್ನುವವರು ಇದ್ದೇ ಇರುತ್ತಾರೆ, ಏಳು ದಿನದಲ್ಲಿ ಅದೂ ಕಳೆದು ಹೋಗುತ್ತದೆ. ದುಡ್ಡು ಬಾಕಿ ಇದ್ದರೆ ಕೊಡುವ ತನಕ ಕಾರು ಹಿಡಿದಿಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಭಾರತೀಯ ಕರಾರು ಕಾಯ್ದೆಯ 170ನೇ ಕಲಂನಲ್ಲೇ ಇದೆ. ಆದರೆ ಜಗಳಕ್ಕಿಂತ ಬರೆದ ಜಾಬ್ ಕಾರ್ಡೇ ಬೇಗ ಕೆಲಸ ಮಾಡುತ್ತದೆ.

11. ಹಳೇ ಗಿರಾಕಿಗಳಿಗೆ ಹೇಳುವುದು

ಒಂದೇ ದಿನ ರೇಟ್ ಎರಡರಷ್ಟು ಮಾಡಬೇಡಿ. ಈಗ ಗಂಟೆಗೆ 600ರ ಲೆಕ್ಕ ಬೀಳುತ್ತಿದ್ದರೆ ಹೊಸ ಗಿರಾಕಿಗೆ ಇವತ್ತಿನಿಂದಲೇ 1,050, ಹಳಬರಿಗೆ ಯುಗಾದಿಯಿಂದ 850, ಆಯುಧಪೂಜೆಯಿಂದ ಪೂರ್ತಿ. ಕೈಯಲ್ಲಿರುವ ಕೆಲಸಕ್ಕೆ ಹಳೇ ರೇಟೇ.

ಚೌಕಾಸಿ ಬಂದೇ ಬರುತ್ತದೆ. ಆಗ ರೇಟ್ ಇಳಿಸಬೇಡಿ, ಕೆಲಸ ಇಳಿಸಿ. "ಬ್ರೇಕ್ ಈಗಲೇ ಆಗ್ಬೇಕು, ಡೋರ್ ರಬ್ಬರು ಮುಂದಿನ ತಿಂಗಳು ನೋಡೋಣ" ಅನ್ನಿ. ಸ್ನೇಹಿತರಿಗೆ ಕಡಿಮೆ ಮಾಡಲೇಬೇಕು ಅನ್ನಿಸಿದರೆ ಪೂರ್ತಿ ಮೊತ್ತ ಬರೆದು ಕೆಳಗೆ ರಿಯಾಯಿತಿ ಅಂತ ತೋರಿಸಿ. ಬರೀ ಕಡಿಮೆ ಮೊತ್ತ ಬರೆದರೆ ಅವರು ಹತ್ತು ಜನಕ್ಕೆ ಅದೇ ರೇಟ್ ಹೇಳಿ ಕಳಿಸುತ್ತಾರೆ.

12. ವಾಪಸ್ ಬಂದ ಕಾರು ಯಾರ ಲೆಕ್ಕಕ್ಕೆ?

ನೀವು ಮಾಡಿದ ಕೆಲಸದ ತಪ್ಪಾದರೆ ಬಿಟ್ಟಿ ಮಾಡಿಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಬರುವುದು ಬೇರೆ ಕಡೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರ ತನಕ ಎಥನಾಲ್ ಇದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ಸೀಲು ಅದಕ್ಕೆ ಮೆತ್ತಗಾಗುತ್ತವೆ. ಕಾರು ತಿಂಗಳುಗಟ್ಟಲೆ ನಿಂತರೆ ನೀರು ಹೀರಿಕೊಂಡು ಫ್ಲೋಟ್ ಚೇಂಬರಿನಲ್ಲಿ ಕೊಳಕು ಕೂರುತ್ತದೆ. ಕಾರ್ಬುರೇಟರ್ ಸರ್ವೀಸ್ ಮಾಡಿ ಕಳಿಸಿ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಕಾರು ಸ್ಟಾರ್ಟ್ ಆಗದಿದ್ದರೆ ಅದು ನಿಮ್ಮ ತಪ್ಪಲ್ಲ. ಗ್ಯಾರಂಟಿಯ ಸಾಲಿನಲ್ಲಿ "ಮೂರು ತಿಂಗಳು ಅಥವಾ 2,000 ಕಿಲೋಮೀಟರ್, ನಿಂತ ಪೆಟ್ರೋಲಿನ ತೊಂದರೆ ಸೇರಿಲ್ಲ" ಅಂತ ಸೇರಿಸಿ, ಮತ್ತು ಕಾರು ಕೊಡುವಾಗ ಬಾಯಿಬಿಟ್ಟು ಹೇಳಿ.

13. ಆರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ

ಮಾರ್ಚ್ ಕೊನೆ, ಸೆಪ್ಟೆಂಬರ್ ಕೊನೆ ಎರಡು ಸಲ ಅರ್ಧ ದಿನ ಕೂತು ಮೂರು ಸಂಗತಿ ನೋಡಿ. ಖರ್ಚು ಎಷ್ಟು ಏರಿದೆ. ನಿಜವಾಗಿ ಮಾರಾಟವಾದ ಗಂಟೆ ಎಷ್ಟು, 1,600ಕ್ಕಿಂತ ಕಡಿಮೆಯಾ ಜಾಸ್ತಿಯಾ. ಮತ್ತೆ ಪ್ರತಿ ಕೆಲಸದ ಎಸ್ಟಿಮೇಟಿನ ಗಂಟೆ, ಹಿಡಿದ ಗಂಟೆ ಅಕ್ಕಪಕ್ಕ ಬರೆದು ನೋಡಿ. ಎಂಜಿನ್ ಕೆಲಸದ ಅಂದಾಜು ಸರಿಯಾಗಿ ಬಂದು, ಡೋರು, ಗ್ಲಾಸು, ಬೀಡಿಂಗ್ ಕೂರಿಸುವ ಕೆಲಸ ಮಾತ್ರ ಯಾವಾಗಲೂ ಎರಡರಷ್ಟು ಹಿಡಿಯುತ್ತಿದ್ದರೆ, ರೇಟ್ ಮುಟ್ಟಬೇಡಿ, ಆ ಕೆಲಸದ ಅಂದಾಜು ಗಂಟೆ ತಿದ್ದಿ. ಎಲ್ಲ ಕೆಲಸವೂ ಅಂದಾಜಿನ ಒಳಗೇ ಮುಗಿದು ಬ್ಯಾಂಕಿನಲ್ಲಿ ಮಾತ್ರ ದುಡ್ಡಿಲ್ಲ ಅಂದರೆ, ಮೂರನೇ ಹೆಜ್ಜೆಯ ಗಂಟೆ ಲೆಕ್ಕವನ್ನು ಹೊಸ ನೋಟ್‌ಬುಕ್ ಇಟ್ಟು ಮತ್ತೆ ಮೊದಲಿನಿಂದ ಮಾಡಿ.